ಯುಪಿಎಸ್ ಬ್ಯಾಕಪ್ ಅರ್ಧಕ್ಕೆ ಇಳಿದಿದೆಯೇ? ಬ್ಯಾಟರಿ ಬದಲಿಸುವ ಮುನ್ನ ಹುಡುಕಬೇಕಾದ ದೋಷಗಳು

ಕರೆಂಟ್ ಹೋದರೆ ಮೂರು ಗಂಟೆ ನಡೆಯುತ್ತಿದ್ದ ಯುಪಿಎಸ್ ಈಗ ಮುಕ್ಕಾಲು ಗಂಟೆಗೇ ಬೀಪ್ ಹೊಡೆಯಲು ಶುರು ಮಾಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಒಂದೇ: ಬ್ಯಾಟರಿ ಹೋಗಿದೆ, ಬದಲಿಸಿ. ಅದು ನಿಜವೂ ಇರಬಹುದು. ಆದರೆ ಬ್ಯಾಟರಿ ಯಾಕೆ ಹೋಯಿತು ಎಂದು ನೋಡದೆ ಹೊಸದನ್ನು ತಂದಿಟ್ಟರೆ ಅದೂ ವರ್ಷ ಒಂದೂವರೆ ವರ್ಷದಲ್ಲಿ ಅದೇ ದಾರಿ ಹಿಡಿಯುತ್ತದೆ. ಲೋಡ್ ಹೆಚ್ಚಾಗಿರುವುದು, ಚಾರ್ಜ್ ಪೂರ್ತಿ ಆಗದಿರುವುದು, ಟರ್ಮಿನಲ್ ಸಡಿಲವಾಗಿರುವುದು ಈ ಮೂರನ್ನೂ ತಳ್ಳಿಹಾಕಿದ ಮೇಲೆಯೇ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಆ ಕ್ರಮದಲ್ಲೇ ಮುಂದೆ ಹೋಗೋಣ.

ಇಲ್ಲಿನ ಅಂಕಿಗಳೆಲ್ಲ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಜೋಡಿಗೆ ಸಂಬಂಧಿಸಿದವು: 800ರಿಂದ 1100 ವಿಎ (ವೋಲ್ಟ್ ಆಂಪಿಯರ್) ಯುಪಿಎಸ್, ಒಂದು 12 ವೋಲ್ಟ್ 150 ಎಎಚ್ (ಆಂಪಿಯರ್ ಅವರ್) ನೀರು ಹಾಕುವ ಟ್ಯೂಬುಲರ್ ಬ್ಯಾಟರಿ. ಎರಡು ಬ್ಯಾಟರಿಯ 24 ವೋಲ್ಟ್ ಯುಪಿಎಸ್ ಇದ್ದರೆ ಪ್ರತಿ ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆಯಿರಿ.

ಬೇಕಾದ ಸಾಮಾನು, ಮತ್ತು ಕೈ ಹಾಕುವ ಮೊದಲು

ಒಂದು ಡಿಜಿಟಲ್ ಮಲ್ಟಿಮೀಟರ್, ಆಸಿಡ್ಡಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್, ಟರ್ಮಿನಲ್ ಬೋಲ್ಟಿಗೆ ಹೊಂದುವ ಸ್ಪ್ಯಾನರ್, ಸ್ಯಾಂಡ್ ಪೇಪರ್, ಅಡುಗೆ ಸೋಡಾ, ವ್ಯಾಸಲೀನ್, ಡಿಸ್ಟಿಲ್ಡ್ ವಾಟರ್. ಕ್ಲ್ಯಾಂಪ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಅಗ್ಗದ ಕ್ಲ್ಯಾಂಪ್ ಮೀಟರ್‌ಗಳು ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ. ಬ್ಯಾಟರಿ ವೈರಿಗೆ ಡಿಸಿ ಅಳೆಯುವಂಥದ್ದೇ ಬೇಕು.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಬ್ಯಾಟರಿಯ ಹತ್ತಿರ ಅಜಾಗರೂಕತೆ ಬೇಡ. ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಉಂಗುರ, ಬಳೆ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಆದ್ದರಿಂದ ದೇವರ ಮನೆಯ ದೀಪ, ಗ್ಯಾಸ್ ಒಲೆ, ಸಿಗರೇಟು ಹತ್ತಿರ ಇರಬಾರದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟಿದ್ದರೆ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ವೈರು ಬಿಚ್ಚುವಾಗ ಯುಪಿಎಸ್‌ನ ಮುಂದಿನ ಸ್ವಿಚ್ ಆಫ್, ಮೇನ್ ಪ್ಲಗ್ ಆಫ್, ಆಮೇಲೆ ನೆಗೆಟಿವ್, ಕೊನೆಗೆ ಪಾಸಿಟಿವ್. ಮತ್ತೆ ಜೋಡಿಸುವಾಗ ಇದರ ಉಲ್ಟಾ ಕ್ರಮ.

ಮೊದಲ ಅನುಮಾನ ಲೋಡ್ ಮೇಲೆ

150 ಎಎಚ್ ಎಂದು ಬ್ಯಾಟರಿಯ ಮೇಲೆ ಬರೆದಿರುವುದು 20 ಗಂಟೆಯ ಲೆಕ್ಕ. 7.5 ಆಂಪಿಯರ್‌ನಂತೆ ಎಳೆದರೆ 20 ಗಂಟೆ ಬರುತ್ತದೆ ಎಂದು ಅದರ ಅರ್ಥ. ಹೆಚ್ಚು ಎಳೆದಷ್ಟೂ ಸಿಗುವ ಒಟ್ಟು ಶಕ್ತಿಯೇ ಕಡಿಮೆಯಾಗುತ್ತದೆ. ಮೂರು ಹಳೇ ಮಾದರಿಯ ಸೀಲಿಂಗ್ ಫ್ಯಾನ್ (ತಲಾ 75 ವಾಟ್), ಆರು ಎಲ್ಇಡಿ ಬಲ್ಬ್ (ತಲಾ 9 ವಾಟ್), ಒಂದು ಟಿವಿ, ಒಂದು ವೈಫೈ ರೂಟರ್ ಸೇರಿದರೆ ಸುಮಾರು 350 ವಾಟ್. ಯುಪಿಎಸ್‌ನ ಒಳಗಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 34 ಆಂಪಿಯರ್‌ನಷ್ಟು ಹರಿಯುತ್ತದೆ. ಈ ಲೋಡಿಗೆ ಹೊಸ ಬ್ಯಾಟರಿಯೂ ಮೂರು ಗಂಟೆಯ ಆಸುಪಾಸು ಮಾತ್ರ ಬರುತ್ತದೆ. ಅದೇ ಬ್ಯಾಟರಿ 150 ವಾಟ್ ಲೋಡಿಗೆ ಎಂಟು ಗಂಟೆ ಎಳೆಯಬಲ್ಲದು. ಮೂರು ಫ್ಯಾನನ್ನೂ 30 ವಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟರಿನ) ಫ್ಯಾನಿಗೆ ಬದಲಿಸಿದರೆ ಲೋಡ್ 215 ವಾಟ್‌ಗೆ ಇಳಿದು ಬ್ಯಾಕಪ್ ಐದು ಗಂಟೆ ದಾಟುತ್ತದೆ. ದೊಡ್ಡ ಬ್ಯಾಟರಿಗೆ ಹಾಕುವ ದುಡ್ಡನ್ನು ಫ್ಯಾನಿಗೆ ಹಾಕುವುದೇ ಮೇಲು ಎಂದು ಖಡಾಖಂಡಿತವಾಗಿ ಹೇಳಬಹುದು.

ನಿಜವಾದ ಲೋಡ್ ಎಷ್ಟಿದೆ ಎಂದು ತಿಳಿಯಲು ವಿಶೇಷ ಸಾಧನವೇನೂ ಬೇಡ, ಮನೆಯ ಕರೆಂಟ್ ಮೀಟರೇ ಸಾಕು. ಮೀಟರಿನ ಮುಖದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಕೆಂಪು ದೀಪ ಮಿನುಗುತ್ತದೆ ಎಂದು ಬರೆದಿರುತ್ತದೆ. 3200 ಎಂದಿದ್ದರೆ ಹೀಗೆ ಮಾಡಿ: ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ಹೊತ್ತಿನಲ್ಲಿ ಫ್ರಿಜ್, ಗೀಸರ್, ಪಂಪ್ ಎಲ್ಲ ಆಫ್ ಮಾಡಿ, ಕರೆಂಟ್ ಹೋದಾಗ ಏನೇನು ಓಡುತ್ತದೋ ಅಷ್ಟನ್ನು ಮಾತ್ರ ಆನ್ ಇಡಿ. ದೀಪ ಒಮ್ಮೆ ಮಿನುಗಿದ ಕ್ಷಣದಿಂದ ಎಣಿಸಲು ಶುರು ಮಾಡಿ, ಮುಂದಿನ 10 ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. 11250ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವಾಟ್ ಸಿಗುತ್ತದೆ. 30 ಸೆಕೆಂಡ್ ಹಿಡಿದರೆ 375 ವಾಟ್. ಮೀಟರಿನಲ್ಲಿ 1600 ಎಂದಿದ್ದರೆ 22500ನ್ನು ಭಾಗಿಸಿ.

ಈಗ ಫ್ಯಾನು, ದೀಪ ಎಲ್ಲವನ್ನೂ ಆರಿಸಿ, ಯುಪಿಎಸ್ ಒಂದನ್ನೇ ಬಿಟ್ಟು ಮತ್ತೊಮ್ಮೆ ಎಣಿಸಿ. 10 ಮಿನುಗಿಗೆ 500 ಸೆಕೆಂಡಿನ ಸುತ್ತಮುತ್ತ ಹಿಡಿದರೆ 20–25 ವಾಟ್ ಆಯಿತು, ಅದು ಟ್ರಾನ್ಸ್‌ಫಾರ್ಮರ್ ಇರುವ ಯುಪಿಎಸ್‌ನ ಸಹಜ ಖರ್ಚು. 225 ಸೆಕೆಂಡಿಗೇ ಮುಗಿದರೆ 50 ವಾಟ್. ಹಗಲೂ ರಾತ್ರಿ 50 ವಾಟ್ ಎಂದರೆ ತಿಂಗಳಿಗೆ 36 ಯೂನಿಟ್. ಪೂರ್ತಿ ಚಾರ್ಜ್ ಆದ ಮೇಲೂ ಇಷ್ಟು ಎಳೆಯುತ್ತಿದ್ದರೆ ಬ್ಯಾಟರಿ ಒಳಗೊಳಗೇ ಸೋರುತ್ತಿದೆ, ಇಲ್ಲವೇ ಯುಪಿಎಸ್ ಲೈನಿನಲ್ಲಿ ಯಾವುದೋ ಉಪಕರಣ ಸದ್ದಿಲ್ಲದೆ ಓಡುತ್ತಿದೆ. ಗೃಹಜ್ಯೋತಿಯಲ್ಲಿ ಮನೆಗೆ ನಿಗದಿಯಾದ ಮಿತಿ ಮೀರಿದರೆ ಹೆಚ್ಚಿನ ಯೂನಿಟ್‌ಗೆ ಬಿಲ್ ಬರುತ್ತದೆ, 200 ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕಾಗುತ್ತದೆ. ಬಿಲ್ ಏಕಾಏಕಿ ಏರಿದ ಮನೆಗಳಲ್ಲಿ ಈ ಎಣಿಕೆಯನ್ನು ಮಾಡಲೇಬೇಕು.

ಸದ್ದಿಲ್ಲದ ಲೋಡನ್ನು ಹಿಡಿಯುವುದು ಹೀಗೆ. ಯುಪಿಎಸ್‌ಗೆ ಬರುವ ಕರೆಂಟಷ್ಟೇ ಅಲ್ಲ, ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಅದು ಬ್ಯಾಟರಿಯ ಮೇಲೆ ಓಡುತ್ತಿರುವಾಗ ಫೋನ್ ಚಾರ್ಜರ್ ಹಿಡಿದು ಮನೆಯ ಎಲ್ಲ ಪಾಯಿಂಟ್‌ಗಳನ್ನೂ ಒಂದೊಂದಾಗಿ ನೋಡಿ. ನಿಯಾನ್ ಟೆಸ್ಟರ್ ನಂಬಬೇಡಿ, ಪಕ್ಕದ ವೈರಿನ ಪ್ರಭಾವಕ್ಕೂ ಅದು ಮಂದವಾಗಿ ಹೊತ್ತಿಕೊಳ್ಳುತ್ತದೆ. ಹೊಸ ರೂಮ್ ಕಟ್ಟಿಸಿದಾಗ, ಅಡುಗೆಮನೆ ರಿಪೇರಿ ಮಾಡಿಸಿದಾಗ ಹತ್ತಿರದಲ್ಲಿ ಸಿಕ್ಕಿದ ಲೈನಿಗೆ ಫ್ರಿಜ್ ಪಾಯಿಂಟ್, ನೀರಿನ ಫಿಲ್ಟರ್, ಕಾಂಪೌಂಡ್ ದೀಪ, ಸಿಸಿಟಿವಿ ಪೆಟ್ಟಿಗೆ ಸೇರಿಕೊಂಡಿರುವುದು ತುಂಬಾ ಸಾಮಾನ್ಯ. ಫ್ರಿಜ್ ಒಂದೇ ಸಾಕು ಬ್ಯಾಕಪ್ ಅರ್ಧ ಮಾಡಲು. ಓಡುವಾಗ ಅದಕ್ಕೆ 150 ವಾಟ್ ಆದರೂ, ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಹಲವು ಪಟ್ಟು ಎಳೆದು ಸಣ್ಣ ಯುಪಿಎಸ್ಸನ್ನು ಓವರ್‌ಲೋಡ್ ಮಾಡುತ್ತದೆ.

ಎರಡನೆಯದು: ಚಾರ್ಜ್ ಒಳಗೆ ಹೋಗುತ್ತಿದೆಯೇ?

ಲೋಡ್ ಸರಿಯಿದ್ದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆ ಹಿಡಿಯಿರಿ. ಮೇನ್ ಆಫ್ ಇದ್ದಾಗ ಒಂದು ಓದು, ಮೇನ್ ಆನ್ ಮಾಡಿ ಐದು ನಿಮಿಷದ ನಂತರ ಇನ್ನೊಂದು, ಒಂದು ಗಂಟೆಯ ನಂತರ ಮತ್ತೊಂದು, ಹನ್ನೆರಡು ಗಂಟೆಯ ನಂತರ ಕೊನೆಯದು. ಈ ನಾಲ್ಕು ಅಂಕಿಗಳನ್ನು ಬರೆದಿಟ್ಟರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಅರ್ಧ ಖಾಲಿಯಾದ ಆರೋಗ್ಯವಂತ ಬ್ಯಾಟರಿ 12.2ರಲ್ಲಿ ಶುರುವಾಗಿ, ಮೇನ್ ಬಂದೊಡನೆ 12.8–13ಕ್ಕೆ ಏರಿ, ಗಂಟೆಗಳ ಕಾಲ ನಿಧಾನವಾಗಿ ಮೇಲೇರುತ್ತಾ 14.2–14.5 ಮುಟ್ಟಿ, ಪೂರ್ತಿಯಾದ ಮೇಲೆ 13.6ರ ಸುತ್ತ ನಿಲ್ಲುತ್ತದೆ. ಇದಕ್ಕಿಂತ ಬೇರೆಯಾಗಿ ನಡೆದುಕೊಂಡರೆ ಮೂರು ಸಾಧ್ಯತೆಗಳಿವೆ.

ಮೇನ್ ಬಂದರೂ 12.2 ಹಾಗೇ ಉಳಿದಿದೆ ಅಥವಾ ಇನ್ನೂ ಇಳಿಯುತ್ತಿದೆ: ಚಾರ್ಜ್ ಆಗುತ್ತಲೇ ಇಲ್ಲ. ಯುಪಿಎಸ್‌ನ ಹಿಂದೆ ಒಂದು ಸಣ್ಣ ಕಪ್ಪು ಗುಂಡಿ ಅಥವಾ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಇರುತ್ತದೆ, ಅದು ಟ್ರಿಪ್ ಆಗಿದ್ದರೆ ಮೇನ್ ಒಳಗೆ ಹೋಗುವುದೇ ಇಲ್ಲ. ಗುಂಡಿ ಹೊರಗೆ ಚಾಚಿಕೊಂಡಿದ್ದರೆ ಒತ್ತಿ. ಎರಡನೇ ಸಲವೂ ಹಾರಿದರೆ ಮತ್ತೆ ಮತ್ತೆ ಒತ್ತಬೇಡಿ, ಒಳಗೆ ಶಾರ್ಟ್ ಇದೆ. ಮೂರು ಫೇಸ್ ಇರುವ ಮನೆಯಲ್ಲಿ ಯುಪಿಎಸ್ ಕೂತಿರುವ ಒಂದು ಫೇಸ್ ಮಾತ್ರ ಹೋಗಿರಬಹುದು. ಹಾಲಿನಲ್ಲಿ ಕರೆಂಟ್ ಇದೆ ಎಂದು ನಾವು ನಿಶ್ಚಿಂತರಾಗಿದ್ದರೆ ಅತ್ತ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಮೀಟರ್ ಬೋರ್ಡಿನ ಮೂರು ಇಂಡಿಕೇಟರ್ ದೀಪಗಳನ್ನು ಮೊದಲು ನೋಡಿ.

ಹಳ್ಳಿಗಳಲ್ಲಿ, ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರಿನಿಂದ) ದೂರದ ತುದಿಯ ಮನೆಗಳಲ್ಲಿ ಕಾರಣ ಬೇರೆಯೇ ಇರುತ್ತದೆ: ಲೋ ವೋಲ್ಟೇಜ್. ಸಂಜೆ ಏಳರಿಂದ ಹತ್ತರವರೆಗೆ ಪ್ಲಗ್ ಪಾಯಿಂಟ್‌ನಲ್ಲಿ ಎಸಿ ವೋಲ್ಟೇಜ್ ಅಳೆದು ನೋಡಿ. 230 ಇರಬೇಕಾದಲ್ಲಿ 165–170 ಇದ್ದರೆ, ‘ಯುಪಿಎಸ್ ಮೋಡ್’ನಲ್ಲಿರುವ ಯಂತ್ರ ಆ ಕರೆಂಟನ್ನು ಒಪ್ಪುವುದೇ ಇಲ್ಲ. ಸಾಮಾನ್ಯವಾಗಿ ಈ ಮೋಡ್ 180 ವೋಲ್ಟ್‌ಗಿಂತ ಕೆಳಗೆ ಬ್ಯಾಟರಿಗೆ ಹಾರುತ್ತದೆ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕರೆಂಟ್ ಇದ್ದು ನಿಮ್ಮ ಯುಪಿಎಸ್ ಮಾತ್ರ ಬ್ಯಾಟರಿ ತಿನ್ನುತ್ತಿದ್ದರೆ ಇದೇ ಕಾರಣ. ಹಿಂದಿನ ಅಥವಾ ಮುಂದಿನ ಪುಟ್ಟ ಸ್ವಿಚ್ಚನ್ನು ‘ಇನ್ವರ್ಟರ್’ ಅಥವಾ ‘ವೈಡ್’ ಮೋಡಿಗೆ ಹಾಕಿದರೆ 100–110 ವೋಲ್ಟ್‌ವರೆಗೂ ಕರೆಂಟನ್ನು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರ್ ಇದ್ದರೆ ಮಾತ್ರ ತೊಂದರೆ, ಈ ಮೋಡಿನಲ್ಲಿ ಬದಲಾಗುವಾಗ ಅದು ರೀಸ್ಟಾರ್ಟ್ ಆಗಬಹುದು. ವೋಲ್ಟೇಜ್ ದಿನವೂ ಹೀಗೇ ಇದ್ದರೆ ಎಸ್ಕಾಂಗೆ, ಅಂದರೆ ನಿಮ್ಮ ಊರಿನ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ಗೆ 1912ರಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾವ ಹೊತ್ತಿಗೆ ಎಷ್ಟು ವೋಲ್ಟ್ ಇತ್ತು ಎಂಬ ಪಟ್ಟಿ ಜೊತೆಗಿದ್ದರೆ ದೂರಿಗೆ ತೂಕ ಬರುತ್ತದೆ.

ಪೂರ್ತಿ ಖಾಲಿಯಾಗಿದ್ದ ಬ್ಯಾಟರಿ ಅರ್ಧ ಗಂಟೆಯೊಳಗೇ 14ಕ್ಕೆ ಜಿಗಿದು, ಯುಪಿಎಸ್ ‘ಫುಲ್’ ತೋರಿಸುತ್ತಿದೆ: ಇದು ಒಳ್ಳೆಯ ಸುದ್ದಿ ಅಲ್ಲ. 150 ಎಎಚ್ ಬ್ಯಾಟರಿಗೆ 15 ಆಂಪಿಯರ್‌ನಂತೆ ಚಾರ್ಜ್ ಮಾಡಿದರೂ ಹತ್ತು ಹನ್ನೆರಡು ಗಂಟೆ ಬೇಕು. ಇಷ್ಟು ಬೇಗ ವೋಲ್ಟೇಜ್ ಏರಿತೆಂದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿದೆ, ಬ್ಯಾಟರಿ ಚಾರ್ಜನ್ನು ಒಪ್ಪುತ್ತಿಲ್ಲ. ಇದಕ್ಕೆ ಉಪಾಯ ಮುಂದೆ ಹೇಳಿದೆ.

ಹನ್ನೆರಡು ಗಂಟೆ ಕಳೆದರೂ 12 ಚಿಲ್ಲರೆ ದಾಟುತ್ತಿಲ್ಲ, ಬ್ಯಾಟರಿ ಮುಟ್ಟಿದರೆ ಬಿಸಿ: ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ. ಐದು ಸೆಲ್‌ಗಳ ಬ್ಯಾಟರಿಗೆ ಆರು ಸೆಲ್ಲಿನ ಚಾರ್ಜ್ ತುಂಬುತ್ತಾ ಹೋದರೆ ಉಳಿದ ಐದೂ ಕುದಿಯುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಒಂದು ಕ್ಷಣವೂ ಕಾಯದೆ ಮೇನ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಆ ಅನಿಲ ವಿಷ. ಬ್ಯಾಟರಿ ತಣ್ಣಗಾದ ಮೇಲೆ ಬಿಚ್ಚಿಸಿ ಸಾಗಿಸಿ, ಅದನ್ನು ಮತ್ತೆ ಬಳಸುವ ಮಾತೇ ಬೇಡ.

ಮೋಡ್ ಸ್ವಿಚ್ಚಿನ ಪಕ್ಕದಲ್ಲೇ ಬ್ಯಾಟರಿಯ ಬಗೆ ಆರಿಸುವ ಸ್ವಿಚ್ ಕೂಡ ಇರುತ್ತದೆ. ಟ್ಯೂಬುಲರ್ ಬ್ಯಾಟರಿ ಇಟ್ಟು ಸ್ವಿಚ್ಚು ‘ಎಸ್ಎಂಎಫ್’ (ನೀರು ಹಾಕದ ಸೀಲ್ಡ್ ಬ್ಯಾಟರಿ) ಅಥವಾ ಫ್ಲಾಟ್ ಪ್ಲೇಟ್ ಮೇಲೆ ಉಳಿದಿದ್ದರೆ ಚಾರ್ಜ್ ಪ್ರತಿದಿನ ಸ್ವಲ್ಪ ಮುಂಚೆಯೇ ನಿಲ್ಲುತ್ತದೆ. ಆರೆಂಟು ತಿಂಗಳಲ್ಲಿ ಒಳ್ಳೆಯ ಬ್ಯಾಟರಿ ಸಲ್ಫೇಟ್ ಹಿಡಿದು ಸೊರಗಲು ಇಷ್ಟೇ ಸಾಕು.

ಮೂರನೆಯದು: ಟರ್ಮಿನಲ್ ಮತ್ತು ವೈರು

ಬಿಳಿ ಅಥವಾ ಹಸಿರು ಪುಡಿ ಕಟ್ಟಿದ ಟರ್ಮಿನಲ್ ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಕಾಣದ್ದು ಲಗ್‌ನ, ಅಂದರೆ ವೈರಿನ ತುದಿಯಲ್ಲಿ ಬೋಲ್ಟ್ ಹಾಕುವ ಲೋಹದ ತುಂಡಿನ, ಕೆಳಗಿನ ತೆಳು ಪದರ. ಅದನ್ನು ಹಿಡಿಯುವ ವಿಧಾನ: ಯುಪಿಎಸ್ಸನ್ನು ಬ್ಯಾಟರಿಯ ಮೇಲೆ 350 ವಾಟ್ ಲೋಡಿನಲ್ಲಿ ಓಡಿಸಿ. ಮಲ್ಟಿಮೀಟರ್ ಡಿಸಿ 2 ವೋಲ್ಟ್ ರೇಂಜಿನಲ್ಲಿರಲಿ. ಒಂದು ಮೊನೆಯನ್ನು ಸೀಸದ ಕಂಬದ ನೆತ್ತಿಗೇ ಒತ್ತಿ, ಇನ್ನೊಂದನ್ನು ವೈರಿನ ಲಗ್‌ಗೆ ಒತ್ತಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ, ಹಾಗಾಗಿ ಓದು ಸೊನ್ನೆಗೆ ಹತ್ತಿರ ಇರಬೇಕು. 0.05 ವೋಲ್ಟ್‌ವರೆಗೆ ಚಿಂತೆಯಿಲ್ಲ. 0.2 ದಾಟಿದರೆ ಅಲ್ಲಿ ಏಳು ವಾಟ್‌ನಷ್ಟು ಬರೀ ಶಾಖವಾಗಿ ಹೋಗುತ್ತಿದೆ, ಲಗ್ ಮುಟ್ಟಿದರೆ ಬೆಚ್ಚಗಿರುತ್ತದೆ.

ನಷ್ಟ ಏಳು ವಾಟ್‌ನದ್ದಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಯುಪಿಎಸ್ ಸುಮಾರು 10.5–10.8 ವೋಲ್ಟ್‌ಗೆ ಕಟ್ ಆಗುತ್ತದೆ, ಮತ್ತು ಅದು ನೋಡುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು, ಬ್ಯಾಟರಿಯೊಳಗಿನದ್ದನ್ನಲ್ಲ. ಎರಡು ಟರ್ಮಿನಲ್ ಸೇರಿ ಅರ್ಧ ವೋಲ್ಟ್ ನುಂಗಿದರೆ ಬ್ಯಾಟರಿಯಲ್ಲಿ 11.2 ಇರುವಾಗಲೇ ಯುಪಿಎಸ್ ಕೈಚೆಲ್ಲುತ್ತದೆ. ಚಾರ್ಜ್ ಮಾಡುವಾಗ ಇದೇ ತೊಂದರೆ ಉಲ್ಟಾ: ಬ್ಯಾಟರಿ ತುಂಬುವ ಮೊದಲೇ ಯುಪಿಎಸ್‌ಗೆ ತುಂಬಿದಂತೆ ಕಾಣುತ್ತದೆ. ಹೀಗೆ ಒಂದೇ ಸಡಿಲ ಬೋಲ್ಟು ಎರಡೂ ಕಡೆಯಿಂದ ಬ್ಯಾಕಪ್ ಕಚ್ಚುತ್ತದೆ.

ವೈರಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹೋಗಿ ಬರುವ ಉದ್ದ 4 ಮೀಟರ್ ಇದ್ದರೆ, 16 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 34 ಆಂಪಿಯರ್‌ಗೆ 0.16 ವೋಲ್ಟ್ ಇಳಿಯುತ್ತದೆ. ಅದೇ 6 ಚದರ ಮಿಲಿಮೀಟರ್ ವೈರಿನಲ್ಲಿ 0.4 ದಾಟುತ್ತದೆ. ಬ್ಯಾಟರಿಯನ್ನು ದೂರ ಇಡಲು ಯಾರಾದರೂ ಮನೆ ವೈರಿಂಗಿನ ತುಂಡು ಸೇರಿಸಿ ಉದ್ದ ಮಾಡಿದ್ದರೆ ಅದನ್ನು ಕಿತ್ತು ಹಾಕಿ. ಅದು ಬೆಂಕಿಗೂ ದಾರಿ.

ಶುಚಿ ಮಾಡಲು ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಬಿಚ್ಚಿದ ಲಗ್ ಮತ್ತು ಕಂಬವನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಮುಚ್ಚಳಗಳೆಲ್ಲ ಬಿಗಿಯಾಗಿರಲಿ, ಸೋಡಾ ನೀರು ಸೆಲ್ಲಿಗೆ ಇಳಿದರೆ ಆಸಿಡ್ ಸತ್ತುಹೋಗುತ್ತದೆ. ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ಎರಡೂ ಮೈ ಹೊಳೆಯುವಂತೆ ತಿಕ್ಕಿ, ಬೋಲ್ಟ್ ಬಿಗಿ ಮಾಡಿ, ಆಮೇಲೆ ವ್ಯಾಸಲೀನ್ ಹಚ್ಚಿ. ಮೊದಲೇ ಹಚ್ಚಿ ಬಿಗಿ ಮಾಡುವವರಿದ್ದಾರೆ. ವ್ಯಾಸಲೀನ್ ಗಾಳಿ ಮತ್ತು ಆಸಿಡ್ ಹಬೆ ತಡೆಯಲಿಕ್ಕೆ, ಅದರ ಜಾಗ ಜೋಡಣೆಯ ಹೊರಗೆ.

ಕೊನೆಗೆ ಬ್ಯಾಟರಿ: ಆರು ಸೆಲ್, ಆರು ಓದು

ಮೂರನ್ನೂ ಸರಿಪಡಿಸಿ ಒಂದು ಪೂರ್ತಿ ಚಾರ್ಜ್ ಕೊಟ್ಟ ಮೇಲೂ ಬ್ಯಾಕಪ್ ಬರದಿದ್ದರೆ ಹೈಡ್ರೋಮೀಟರ್ ಕೈಗೆತ್ತಿಕೊಳ್ಳಿ. ಕನಿಷ್ಠ 12 ಗಂಟೆ ಚಾರ್ಜ್ ಆಗಿರಬೇಕು, ಆಫ್ ಮಾಡಿ ಎರಡು ಗಂಟೆ ಕಳೆದಿರಬೇಕು, ಆವತ್ತು ನೀರು ಹಾಕಿರಬಾರದು. ಹೊಸದಾಗಿ ಹಾಕಿದ ನೀರು ಮೇಲೇ ತೇಲುತ್ತಿರುತ್ತದೆ, ಚಾರ್ಜ್ ಆಗಿ ಗುಳ್ಳೆ ಎದ್ದ ಮೇಲೆಯೇ ಆಸಿಡ್ ಜೊತೆ ಬೆರೆಯುವುದು. ಎತ್ತರದ ಟ್ಯೂಬುಲರ್ ಬ್ಯಾಟರಿಯಲ್ಲಂತೂ ಮೇಲಿನ ಓದು ಸುಳ್ಳು ಹೇಳುವುದು ಹೆಚ್ಚು.

ಪಾಸಿಟಿವ್ ಕಡೆಯಿಂದ ಒಂದರಿಂದ ಆರರವರೆಗೆ ಸೆಲ್‌ಗಳಿಗೆ ಚಾಕಿನಲ್ಲಿ ನಂಬರ್ ಹಾಕಿ. ಹೈಡ್ರೋಮೀಟರಿನ ರಬ್ಬರ್ ಒತ್ತಿ ಆಸಿಡ್ ಎಳೆದು, ಒಳಗಿನ ಫ್ಲೋಟ್ ಗಾಜಿಗೆ ತಾಗದೆ ತೇಲುವಾಗ ಕಣ್ಣ ಮಟ್ಟದಲ್ಲಿ ಓದಿ, ಆಸಿಡ್ಡನ್ನು ಅದೇ ಸೆಲ್ಲಿಗೆ ವಾಪಸ್ ಬಿಡಿ. ಮನೆ ಯುಪಿಎಸ್ ಟ್ಯೂಬುಲರ್ ಬ್ಯಾಟರಿಗೆ ಪೂರ್ತಿ ಚಾರ್ಜಿನಲ್ಲಿ ಗ್ರ್ಯಾವಿಟಿ (ನೀರನ್ನು 1000 ಎಂದಿಟ್ಟುಕೊಂಡ ಆಸಿಡ್ಡಿನ ಸಾಂದ್ರತೆ) 1240ರ ಸುತ್ತ ಬರಬೇಕು. ಈ ಅಂಕಿ 27 ಡಿಗ್ರಿ ಉಷ್ಣತೆಗೆ. ಪ್ರತಿ 10 ಡಿಗ್ರಿ ಹೆಚ್ಚಿಗೆ 7 ಅಂಶ ಕೂಡಿಸಿಕೊಳ್ಳಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿಯ ಆಸಿಡ್ 1230 ತೋರಿಸಿದರೆ ಅದು 1239 ಇದ್ದಂತೆ, ಬ್ಯಾಟರಿ ತುಂಬಿದೆ.

1240, 1235, 1240, 1160, 1240, 1235 ಬಂದರೆ ನಾಲ್ಕನೇ ಸೆಲ್ ಹೋಗಿದೆ. ಒಂದಕ್ಕೊಂದು 30 ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ದೋಷ ಆ ಸೆಲ್ಲಿನದು. ಚಾರ್ಜಿನ ಕೊನೆಯಲ್ಲಿ ಮುಚ್ಚಳ ತೆಗೆದು ನೋಡಿದರೆ ಉಳಿದ ಐದರಲ್ಲಿ ಗುಳ್ಳೆ ಏಳುತ್ತಿದ್ದು ಇದೊಂದು ಸತ್ತಂತೆ ಇರುತ್ತದೆ. ಒಂದು ಸೆಲ್ ರಿಪೇರಿ ಮಾಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಗ್ಯಾರಂಟಿ ಕಾಲ ಉಳಿದಿದ್ದರೆ ಈ ಆರು ಓದುಗಳ ಚೀಟಿಯೊಂದಿಗೆ ಬದಲಿ ಕೇಳಿ.

ಎಲ್ಲ ಸೆಲ್ಲೂ ಒಂದೇ ಸಮನಾಗಿ 1170–1190ರಲ್ಲಿ ನಿಂತಿದ್ದರೆ ಆಸೆ ಇದೆ. ಅದು ಅರೆಚಾರ್ಜಿನಲ್ಲಿ ಬಹಳ ಕಾಲ ಕಳೆದ ಬ್ಯಾಟರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದೆ, ಬಂದಾಗಲೂ ಒಂದೆರಡು ಗಂಟೆ ಮಾತ್ರ ಇರುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಪ್ರತಿ ವರ್ಷದ ಕಾಯಿಲೆ. ಕರೆಂಟ್ ನಿಂತು ಬರುವ ಕಾಟ ಮುಗಿದ ಮೇಲೆ ಯುಪಿಎಸ್ ಮೇಲೆ ಲೋಡ್ ಇಲ್ಲದೆ 24 ಗಂಟೆ ಎಡೆಬಿಡದೆ ಚಾರ್ಜ್ ಮಾಡಿ. ಆಮೇಲೆ 150–200 ವಾಟ್‌ನ ಹಗುರ ಲೋಡಿನಲ್ಲಿ 11.5 ವೋಲ್ಟ್‌ವರೆಗೆ ಇಳಿಸಿ, ಮತ್ತೆ 24 ಗಂಟೆ. ಇಂಥ ಎರಡು ಮೂರು ಸುತ್ತಿನಲ್ಲಿ ಗ್ರ್ಯಾವಿಟಿ 1220 ದಾಟಿದರೆ ಬ್ಯಾಟರಿ ಉಳಿಯಿತು. ಇಷ್ಟಕ್ಕೂ ಕದಲದಿದ್ದರೆ ಸಲ್ಫೇಟ್ ಕಲ್ಲಾಗಿದೆ. ಬಾಟಲಿಯಲ್ಲಿ ಬರುವ ‘ಬ್ಯಾಟರಿ ಟಾನಿಕ್’ ಯಾವುದನ್ನೂ ಸುರಿಯಬೇಡಿ, ಗ್ರ್ಯಾವಿಟಿ ಕಡಿಮೆ ಇದೆ ಎಂದು ಆಸಿಡ್ಡನ್ನಂತೂ ಸುರಿಯಲೇಬೇಡಿ. ಹೋದ ಆಸಿಡ್ ಪ್ಲೇಟಿನ ಸಲ್ಫೇಟಿನಲ್ಲಿದೆ. ಮೇಲಿಂದ ಹೊಸದು ಸೇರಿಸಿದರೆ ಓದು ಮಾತ್ರ ಚೆನ್ನಾಗಿ ಕಾಣುತ್ತದೆ, ಪ್ಲೇಟು ಬೇಗ ಸವೆಯುತ್ತದೆ.

ನೀರಿನ ವಿಷಯ. ಫ್ಲೋಟ್ ಕೆಂಪು ಗೆರೆಗೆ ಇಳಿಯುವ ತನಕ ಕಾಯದೆ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರು ಮಾತ್ರ. ಆರ್‌ಒ ನೀರಿನಲ್ಲಿ ಲವಣ ಉಳಿದಿರುತ್ತದೆ, ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಮತ್ತು ಕಬ್ಬಿಣ ಇರುತ್ತದೆ. ಎರಡೂ ಬ್ಯಾಟರಿಯನ್ನು ಒಳಗಿನಿಂದ ಸೋರುವಂತೆ ಮಾಡುತ್ತವೆ. ನೀರು ತುಂಬುವುದು ಪೂರ್ತಿ ಚಾರ್ಜ್ ಆದ ಮೇಲೆ, ಏಕೆಂದರೆ ಚಾರ್ಜ್ ಆದಂತೆ ಮಟ್ಟ ಏರುತ್ತದೆ. ಖಾಲಿಯಿದ್ದಾಗ ಕಂಠಮಟ್ಟ ತುಂಬಿದರೆ ಆಸಿಡ್ ಉಕ್ಕಿ ಹೊರಬರುತ್ತದೆ. ಪ್ಲೇಟು ಗಾಳಿಗೆ ತೆರೆದುಕೊಂಡಿದ್ದರೆ ಮಾತ್ರ ಮೊದಲು ಅದು ಮುಳುಗುವಷ್ಟು ಹಾಕಿ ಚಾರ್ಜಿಗೆ ಬಿಡಿ.

ಕೊನೆಯ ತೀರ್ಪು ಗಡಿಯಾರದ್ದು. ಪೂರ್ತಿ ಚಾರ್ಜ್ ಮಾಡಿ, ಮೀಟರ್ ಎಣಿಕೆಯಿಂದ ಅಳೆದ 350 ವಾಟ್ ಲೋಡ್ ಹಾಕಿ, ಅರ್ಧ ಗಂಟೆಗೊಮ್ಮೆ ಬ್ಯಾಟರಿ ವೋಲ್ಟೇಜ್ ಬರೆಯಿರಿ. ಒಳ್ಳೆಯ ಬ್ಯಾಟರಿ ಲೋಡ್ ಬಿದ್ದೊಡನೆ 12.1ರ ಸುತ್ತ ನಿಂತು ನಿಧಾನವಾಗಿ ಇಳಿಯುತ್ತದೆ, ಕೊನೆಯ ಕಾಲು ಗಂಟೆಯಲ್ಲಷ್ಟೇ ಕುಸಿಯುತ್ತದೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಎರಡು ವೋಲ್ಟ್ ಕಳೆದುಕೊಂಡರೆ ಒಂದು ಸೆಲ್ ಕೈಕೊಟ್ಟಿದೆ. ಕಟ್ ಆಗಲು ಎರಡು ಗಂಟೆಯ ಮೇಲೆ ಹಿಡಿದರೆ ಇನ್ನೊಂದು ವರ್ಷ ಧೈರ್ಯವಾಗಿ ಬಳಸಿ. ಒಂದೂವರೆ ಗಂಟೆಯ ಒಳಗಾದರೆ ಅರ್ಧ ಸಾಮರ್ಥ್ಯ ಹೋಗಿದೆ, ಬದಲಿಸುವ ಕಾಲ ಬಂದಿದೆ. ಅಂಗಡಿಯಲ್ಲಿ ಹತ್ತು ಸೆಕೆಂಡ್ ಒತ್ತಿ ನೋಡುವ ಲೋಡ್ ಟೆಸ್ಟರ್ ಕಾರ್ ಬ್ಯಾಟರಿಗೆ ಮಾಡಿದ್ದು. ಗಂಟೆಗಟ್ಟಲೆ ಎಳೆಯಬೇಕಾದ ಟ್ಯೂಬುಲರ್ ಬ್ಯಾಟರಿಯ ಬಗ್ಗೆ ಅದರಿಂದ ತೀರ್ಮಾನಕ್ಕೆ ಬರಬೇಡಿ.

24 ವೋಲ್ಟ್ ಜೋಡಿಯಲ್ಲಿ ಒಂದು ಹೋದರೆ ಎರಡನ್ನೂ ಬದಲಿಸುವುದು ದುಬಾರಿ ಅನಿಸುತ್ತದೆ. ಆದರೆ ಹಳೆಯದರ ಪಕ್ಕ ಹೊಸದನ್ನು ಕೂರಿಸಿದರೆ ಒಂದು ಸದಾ ಹೆಚ್ಚು ಚಾರ್ಜ್ ಆಗುತ್ತಾ ಇನ್ನೊಂದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಎರಡು ಬ್ಯಾಟರಿಗಳ ವೋಲ್ಟೇಜ್ ನಡುವೆ 0.3ಕ್ಕಿಂತ ಹೆಚ್ಚು ಅಂತರ ಕಂಡರೆ ಈ ಸಮಸ್ಯೆ ಶುರುವಾಗಿದೆ ಎಂದು ತಿಳಿಯಿರಿ.

ಬ್ಯಾಟರಿಯದ್ದಲ್ಲದ ಕೆಲವು ದೋಷಗಳು

ಕರೆಂಟ್ ಹೋದ ಕ್ಷಣವೇ ‘ಓವರ್‌ಲೋಡ್’: ಬ್ಯಾಕಪ್ ಪಾಯಿಂಟ್ ಎಲ್ಲ ಆಫ್ ಮಾಡಿದರೂ ಹೀಗಾದರೆ ಯುಪಿಎಸ್ ಲೈನು ಎಲ್ಲೋ ಮನೆಯ ಮೇನ್ ಲೈನಿಗೆ ಕೂಡಿಕೊಂಡಿದೆ. ಯುಪಿಎಸ್ ಇಡೀ ಮನೆಯನ್ನು, ಕೆಲವೊಮ್ಮೆ ಮೀಟರಿನಾಚೆಗೂ ಕರೆಂಟನ್ನು ನೂಕಲು ಹೋಗುತ್ತದೆ. ಮೇನ್ ವಾಪಸ್ ಬಂದಾಗ ಯಂತ್ರ ಸುಡುವುದು ಒಂದು ನಷ್ಟ, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅಪಾಯ ಅದಕ್ಕಿಂತ ದೊಡ್ಡದು. ಎಲೆಕ್ಟ್ರಿಷಿಯನ್ ಬಂದು ಬೇರ್ಪಡಿಸುವ ತನಕ ಯುಪಿಎಸ್ ಆಫ್ ಇರಲಿ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿದ ದಿನದಿಂದ ಟ್ರಿಪ್ ಆಗುತ್ತಿದೆ: ಯುಪಿಎಸ್‌ಗೆ ಫೇಸ್ ಆರ್‌ಸಿಸಿಬಿಯ ನಂತರದಿಂದ ಬಂದು, ಬ್ಯಾಕಪ್ ಲೈನಿನ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿಯ ಮುಂಚಿನ ನ್ಯೂಟ್ರಲ್ ಪಟ್ಟಿಗೆ ಸೇರಿದ್ದರೆ ಹೋದ ಕರೆಂಟು ಬಂದ ಕರೆಂಟಿಗೆ ತಾಳೆಯಾಗುವುದಿಲ್ಲ, ಸೋರಿಕೆ ಎಂದು ತಿಳಿದು ಅದು ಹಾರುತ್ತದೆ. ಎರಡೂ ಒಂದೇ ಕಡೆಯಿಂದ ಬರುವಂತೆ ವೈರಿಂಗ್ ಸರಿಪಡಿಸಬೇಕು. ಆರ್‌ಸಿಸಿಬಿ ಕಿತ್ತುಹಾಕುವುದು ಪರಿಹಾರವಲ್ಲ.

ಬ್ಯಾಟರಿಯ ಮೇಲೆ ಓಡುವಾಗ ಫ್ಯಾನು ಗುಂಯ್‌ಗುಡುತ್ತದೆ, ಮಲ್ಟಿಮೀಟರ್ 190 ವೋಲ್ಟ್ ತೋರಿಸುತ್ತದೆ: ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಇದು ಸಹಜ. ಸಾಮಾನ್ಯ ಮಲ್ಟಿಮೀಟರ್‌ಗಳು ಸೈನ್ ವೇವ್‌ಗೆ ಮಾತ್ರ ಸರಿಯಾಗಿ ಓದುತ್ತವೆ. ಟ್ರೂ ಆರ್‌ಎಂಎಸ್ ಮೀಟರ್ (ಯಾವ ಆಕಾರದ ಅಲೆಯನ್ನಾದರೂ ಸರಿಯಾಗಿ ಅಳೆಯುವಂಥದ್ದು) ಇಟ್ಟು ನೋಡದೆ ಯುಪಿಎಸ್ ಕೆಟ್ಟಿದೆ ಎಂದು ಹೇಳುವಂತಿಲ್ಲ.

ಮೂರು ಫೇಸ್ ಮನೆಯಲ್ಲಿ ಕೆಲವು ದೀಪ ವಿಪರೀತ ಪ್ರಕಾಶವಾಗಿ, ಕೆಲವು ಮಂಕಾಗಿ ಉರಿದರೆ ಯುಪಿಎಸ್ ಕಡೆ ನೋಡುವುದೇ ಬೇಡ. ಸರ್ವಿಸ್ ನ್ಯೂಟ್ರಲ್ ತುಂಡಾಗಿದೆ. ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ 1912ಕ್ಕೆ ಕರೆ ಮಾಡಿ.

ಎರಡು ಮೂರು ದಿನ ಕರೆಂಟ್ ಇಲ್ಲದಾಗ

ಯುಪಿಎಸ್ ತಾನಾಗಿ ಕಟ್ ಆಗುವವರೆಗೆ ಓಡಿಸಬೇಡಿ. ಲೋಡಿನಲ್ಲಿರುವಾಗ 11.5 ವೋಲ್ಟ್ ಕಂಡಾಗ ಮುಂದಿನ ಸ್ವಿಚ್ ಆಫ್ ಮಾಡಿ, ಉಳಿದದ್ದನ್ನು ರಾತ್ರಿಯ ಒಂದು ದೀಪ, ರೂಟರ್, ಫೋನಿಗೆ ಇಟ್ಟುಕೊಳ್ಳಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಸಲ್ಫೇಟ್ ಕಟ್ಟುವುದು ಆ ದಿನಗಳಲ್ಲೇ.

ಸಣ್ಣ ಜನರೇಟರ್‌ನಿಂದ ಚಾರ್ಜ್ ಮಾಡುವುದಾದರೆ 1 ಕೆವಿಎ ಸಾಕು. 15 ಆಂಪಿಯರ್ ಚಾರ್ಜಿಗೆ ಯುಪಿಎಸ್ ಎಳೆಯುವುದು 300 ವಾಟ್‌ನ ಸುತ್ತಮುತ್ತ. ಐದು ಗಂಟೆ ಓಡಿಸಿದರೆ ಅರ್ಧ ಬ್ಯಾಟರಿ ತುಂಬುತ್ತದೆ. ಜನರೇಟರಿನ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಏರಿಳಿಯುವುದರಿಂದ ಯುಪಿಎಸ್ ಮೋಡ್ ಅದನ್ನು ತಿರಸ್ಕರಿಸಬಹುದು, ವೈಡ್ ಮೋಡಿಗೆ ಹಾಕಿ. ಯುಪಿಎಸ್ ಪ್ಲಗ್ಗನ್ನು ನೇರವಾಗಿ ಜನರೇಟರಿಗೆ ಚುಚ್ಚಿ. ಎರಡು ಕಡೆ ಪಿನ್ ಇರುವ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಜೋಡಿಸುವುದು ಲೈನ್‌ಮನ್‌ನನ್ನು ಕೊಲ್ಲುವ ಕೆಲಸ. ಇಡೀ ಮನೆಗೆ ಕೊಡಬೇಕಿದ್ದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಜನರೇಟರ್ ಮನೆಯ ಹೊರಗೆ, ಕಿಟಕಿಗಳಿಂದ ದೂರ ಇರಲಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ವೆರಾಂಡದಲ್ಲಿಟ್ಟು ಬಾಗಿಲು ಹಾಕಿಕೊಂಡರೂ ಅದು ಒಳಗೆ ನುಗ್ಗುತ್ತದೆ.

ಬದಲಿಸಲೇಬೇಕಾದಾಗ

ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಹೊಸದು ಕೊಳ್ಳುವ ಅಂಗಡಿಗೇ ಕೊಡಿ. ಸೀಸದ ತೂಕಕ್ಕೆ ಬೆಲೆ ಕಳೆಯುತ್ತಾರೆ, ಆಸಿಡ್ ಚರಂಡಿಗೆ ಹೋಗುವುದೂ ತಪ್ಪುತ್ತದೆ. ಹೊಸದರ ತಯಾರಿಕೆಯ ತಿಂಗಳು ನೋಡಿ, ಆರು ತಿಂಗಳಿಗಿಂತ ಹಳೆಯ ದಾಸ್ತಾನು ಬೇಡ. ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು 12.4ಕ್ಕಿಂತ ಕಡಿಮೆ ಕಂಡರೆ ಬೇರೆಯದು ಕೇಳಿ. ಗ್ಯಾರಂಟಿ ಕಾರ್ಡಿನಲ್ಲಿ ಪೂರ್ತಿ ಬದಲಿ ಎಷ್ಟು ತಿಂಗಳು, ಭಾಗಶಃ ರಿಯಾಯಿತಿ ಎಷ್ಟು ತಿಂಗಳು ಎಂದು ಬೇರೆಬೇರೆಯಾಗಿ ಓದಿ. ಲಿಥಿಯಂಗೆ ಹೋಗುವ ಆಲೋಚನೆ ಇದ್ದರೆ ಯುಪಿಎಸ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹಳೇ ಯುಪಿಎಸ್‌ನ ಚಾರ್ಜಿಂಗ್ ವೋಲ್ಟೇಜ್ ಅದಕ್ಕೆ ಹೊಂದದೆ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಪದೇ ಪದೇ ಕಟ್ ಮಾಡುತ್ತದೆ.

ಮನೆಗೆ ತಂದ ದಿನ ಲೋಡ್ ಹಾಕದೆ 12 ಗಂಟೆ ಚಾರ್ಜ್ ಮಾಡಿ, ಬ್ಯಾಟರಿ ಬಗೆಯ ಸ್ವಿಚ್ಚು ಸರಿಯಾದ ಕಡೆ ಇದೆಯೇ ನೋಡಿ, ಆರು ಸೆಲ್‌ಗಳ ಗ್ರ್ಯಾವಿಟಿ ಮತ್ತು 350 ವಾಟ್‌ಗೆ ಬಂದ ಬ್ಯಾಕಪ್ ಸಮಯವನ್ನು ದಿನಾಂಕದೊಂದಿಗೆ ಬರೆದು ಬ್ಯಾಟರಿಯ ಪಕ್ಕಕ್ಕೆ ಅಂಟಿಸಿ. ಎರಡು ವರ್ಷದ ನಂತರ ಅಳೆಯುವಾಗ ಹೋಲಿಸಿ ನೋಡಲು ಆ ಚೀಟಿಯೇ ಬೇಕಾಗುತ್ತದೆ.